ಅಜ್ಜಿಯ ಓಟಿಪಿ

ಕೀಪ್ಯಾಡ್ ಫೋನಿಗೆ ಮೆಸೇಜ್ ಬಂತು. ಶ್ವೇತಾ ಅದರಲ್ಲಿದ್ದ ಆರು ಅಂಕಿಗಳನ್ನು ರಫ್ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡಳು. ಬೆನ್ನಿಗೇ ಫೋನು ರಿಂಗಾಯಿತು.

"ಶ್ವೇತವ್ವಾ, ನಂಬರ ಬಂತೇನ?"

ಊರಿನಿಂದ ದುಂಡವ್ವಜ್ಜಿ. ಶಂಭುಲಿಂಗಪ್ಪನ ಆನ್‌ಲೈನ್ ಸೆಂಟರಿನಲ್ಲಿ ಕೂತು, ಅವನ ಫೋನಿನಿಂದಲೇ ಮಾತಾಡುತ್ತಿದ್ದಳು. ಅಜ್ಜಿಯ ಹೆಸರಿನಲ್ಲಿ ಎರಡೆಕರೆ ಹೊಲವಿದೆ. ಅದಕ್ಕೆ ಸರ್ಕಾರ ಆಗಾಗ ಅವಳ ಖಾತೆಗೆ ದುಡ್ಡು ಹಾಕುತ್ತದೆ. ಬಿತ್ತನೆ ಬೀಜ ತರುವುದು ಅದರಲ್ಲೇ. ನಾಳೆಯೊಳಗೆ ಕಂಪ್ಯೂಟರಿನಲ್ಲಿ ಹೆಸರು ಖಾತ್ರಿ ಮಾಡಿಸದಿದ್ದರೆ ಈ ಸಲದ ಕಂತು ಇಲ್ಲ.

ಅಜ್ಜಿಗೆ ಫೋನಿಲ್ಲ. ಓಟಿಪಿ ಬರುವುದು ಅಪ್ಪನ ಹಳೇ ಸಿಮ್ಮಿಗೆ. ಆ ಸಿಮ್ಮಿನ ಫೋನು ಬೆಂಗಳೂರಿನ ಬಿಟಿಎಂ ಲೇಔಟಿನ ಈ ಒಂದೇ ರೂಮಿನ ಮನೆಯಲ್ಲಿ ಶ್ವೇತಾಳ ಜೊತೆ ಇರುತ್ತದೆ. ಅಪ್ಪ, ಅವ್ವ ಕೆಲಸದಿಂದ ಬರುವುದು ಏಳು ಗಂಟೆಗೆ.

ನಂಬರ್ ಹೇಳಿದರೆ ಅಜ್ಜಿ ಫೋನ್ ಇಟ್ಟುಬಿಡುತ್ತಾಳೆ. ಆಮೇಲೆ ಏಳರವರೆಗೆ ಫ್ಯಾನು, ಗೋಡೆ, ಹೋಂವರ್ಕು.

"ಬಂದೈತಿ, ಹೇಳ್ತೀನಿ ತಡಿ. ಅಜ್ಜಿ, ಬೆಕ್ಕು ಮರಿ ಹಾಕ್ತೇನ?"

ಹಾಕಿತ್ತು. ಮೂರು ಮರಿ, ಜೋಳದ ಚೀಲದ ಹಿಂದೆ. ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಶ್ವೇತಾ ಕೇಳುತ್ತಲೇ ಹೋದಳು, ಹೇಳುತ್ತಲೇ ಹೋದಳು. "ನಿನ್ ಕನ್ನಡ ಸಖತ್ ಕಾಮಿಡಿ" ಎಂದು ಕ್ಲಾಸಿನ ಆಶ್ರಿತ್ ನಕ್ಕಾಗಿನಿಂದ ಅವಳು ಸ್ಕೂಲಲ್ಲಿ ಆಡುತ್ತಿದ್ದದ್ದು "ಪ್ರೆಸೆಂಟ್ ಮಿಸ್" ಅಷ್ಟೇ. ಅಜ್ಜಿಯ ಜೊತೆ ಮಾತ್ರ ಬಾಯಿ ತುಂಬ ಮಾತು. ಅತ್ತ ಶಂಭುಲಿಂಗಪ್ಪ ಯಾರಿಗೋ ಜೆರಾಕ್ಸ್ ತೆಗೆಯುತ್ತಿದ್ದ.

ಕೊನೆಗೆ ಅವನೇ ಫೋನ್ ತೆಗೆದುಕೊಂಡು ನಂಬರ್ ಕೇಳಿದ. ಶ್ವೇತಾ ಓದಿದಳು.

"ಟೈಮ್ ಮುಗದೈತಿ ನೋಡವ್ವಾ. ಮತ್ತೊಂದ ಕಳಸೂಣಂದ್ರ ಸರ್ವರ್ ಹೋತು. ಯಮ್ಮಾ, ನಾಳೆ ಬಾ."

ಸೆಂಟರಿನಿಂದ ಅಜ್ಜಿಯ ಮನೆಗೆ ಮೂರು ಕಿಲೋಮೀಟರ್. ಅಜ್ಜಿ ನಡೆದೇ ಬಂದಿರುತ್ತಾಳೆ. ಆದರೂ ಬೈಯಲಿಲ್ಲ. "ಆತು ಬಿಡವ್ವಾ, ಊಟ ಮಾಡು" ಎಂದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಶ್ವೇತಾಳಿಗೆ. ಅಪ್ಪನಿಗೂ ಹೇಳಲಾಗಲಿಲ್ಲ.

ಮರುದಿನ ಸ್ಕೂಲ್ ಬಿಟ್ಟದ್ದೇ ಓಡಿಬಂದಳು. ಶೂ ಕೂಡ ಬಿಚ್ಚದೆ ಫೋನಿನ ಮುಂದೆ ಕೂತಳು. ಮೆಸೇಜ್ ಬಂತು. ಫೋನೂ ಬಂತು. ಅಜ್ಜಿ ಬಾಯಿ ತೆರೆಯುವ ಮೊದಲೇ ಆರೂ ಅಂಕಿ ಹೇಳಿಬಿಟ್ಟಳು.

ಅಜ್ಜಿ ಅವನ್ನು ಒಂದೊಂದಾಗಿ ಶಂಭುಲಿಂಗಪ್ಪನಿಗೆ ಒಪ್ಪಿಸಿದಳು. ಕೀಬೋರ್ಡಿನ ಟಕಟಕ ಕೇಳಿಸಿತು. "ಆತು ಯಮ್ಮಾ. ಹೆಸರು ಸೇರ್ತು."

ಶ್ವೇತಾ ಉಸಿರು ಬಿಟ್ಟಳು. ಫೋನು ಕಟ್ ಆಗುತ್ತದೆ ಎಂದು ಕಾದಳು. ಆಗಲಿಲ್ಲ. ಅಜ್ಜಿಗೆ ಕಟ್ ಮಾಡಲು ಬರುವುದಿಲ್ಲ. ಶಂಭುಲಿಂಗಪ್ಪನ ದನಿ ಕೇಳಿಸುತ್ತಲೇ ಇತ್ತು.

"ಅಲ್ಲ ಯಮ್ಮಾ, ನಿನ್ನೇನೂ ಹೇಳಿದೆ. ನಿನ್ನ ಹೆಬ್ಬೆಟ್ಟು ಚಲೋ ತಗೋತೈತಿ. ಮಷಿನ್ ಮ್ಯಾಲ ಒತ್ತಿದ್ರ ಓಟಿಪಿ ಇಲ್ಲದ ನಿನ್ನೇನ ಮುಗೀತಿತ್ತು. ಬೆಂಗಳೂರಿಗೆ ಯಾಕ ಫೋನು?"

ಅಜ್ಜಿ ದನಿ ತಗ್ಗಿಸಿದಳು.

"ಒಂದ ಮರಿ ಕಣ್ಣ ಬಿಟ್ಟೈತೋ ತಮ್ಮಾ. ಆಕಿಗೆ ಹೇಳೂದಿತ್ತು."

ಹೊರಗೆ ಆಟೋ ಒಂದು ಹಾರನ್ ಹೊಡೆಯುತ್ತ ಹೋಯಿತು. ಶ್ವೇತಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಅಜ್ಜಿ, ನಾನೂ ಫೋನ್ ಇಟ್ಟಿಲ್ಲ," ಎಂದಳು. "ಯಾವ ಮರಿ?"