ಕಾಣ್ತು ಅಂದವನು

"ರೀ, ನಿಲ್ಸಿ! ಬಸವಮ್ಮ ಓಡಿ ಬರ್ತಿದ್ದಾರೆ... ನಿಲ್ಸೀ!"

ಅಗ್ರಹಾರದಿಂದ ಹೆಬ್ಬಾಳದ ಕಾರ್ಖಾನೆಗೆ ಹೊರಟಿದ್ದ ಶಿಫ್ಟ್ ಬಸ್ಸಿನಲ್ಲಿ ಧರಣಿ ಎದ್ದು ನಿಂತು ಕೂಗಿದಳು. ಡ್ರೈವರ್ ಮನೋಹರ್ ಕನ್ನಡಿ ನೋಡಿದ. ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಬಸವಮ್ಮ ಕೈ ಎತ್ತಿಕೊಂಡು ಓಡುತ್ತಿದ್ದರು.

ಬಸ್ಸು ನಿಲ್ಲಲಿಲ್ಲ.

ಇಳಿಯುವಾಗ ಧರಣಿ ಅವನೆದುರು ನಿಂತಳು. "ಕಾಣ್ಲಿಲ್ವಾ ನಿಮಗೆ?"

"ಕಾಣ್ತು."

ಅಷ್ಟೇ! ಒಂದು ನೆಪವೂ ಇಲ್ಲ... ಎಷ್ಟು ಸೊಕ್ಕು!

ವಾರ ಕಳೆಯಿತು. ಅಮ್ಮ ಮಾದೇವಮ್ಮ ತಂದ ವರನ ಫೋಟೋದಲ್ಲಿ ಅದೇ ಮುಖ.

"ಬೇಡಮ್ಮ."

"ಏನೇ ಬೇಡ? ಅವರ ಬೀದೀಲಿ ಏಳು ಮನೆ ವಿಚಾರಿಸಿದ್ದೀನಿ ಕಣೇ. ಕುಡಿಯಲ್ಲ, ಅಕ್ಕನ ಮಕ್ಕಳನ್ನ ಓದಿಸ್ತಿದ್ದಾನೆ..."

"ಅದೆಲ್ಲ ನೀನು ಕೇಳಿದ್ದು. ನಾನು ಕಣ್ಣಾರೆ ಕಂಡಿದ್ದು ಒಂದಿದೆ."

ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಅವಳ ಕೆಲಸವೇ ಹಾಗಿತ್ತು. ಪೆಟ್ಟಿಗೆಯಿಂದ ಐದು ಬಿಡಿಭಾಗ ತೆಗೆದು ಅಳೆಯಬೇಕು. ಒಂದು ಕೆಟ್ಟಿದ್ದರೂ ಇಡೀ ಪೆಟ್ಟಿಗೆ ವಾಪಸ್. ಅವನನ್ನೂ ಹಾಗೆಯೇ ವಾಪಸ್ ಕಳಿಸಿದಳು. ಆದರೂ ದಿನವೂ ಬಸ್ಸು ಹತ್ತುವಾಗ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಯಾಕೆ ಬೇಡ ಅಂದಳೆಂದು ಅವನು ಒಂದು ದಿನವೂ ಕೇಳಲಿಲ್ಲ.

ಎರಡು ತಿಂಗಳ ಮೇಲೆ ಬಸವಮ್ಮ ಅವಳ ಕೈಗೊಂದು ಡಬ್ಬಿ ಕೊಟ್ಟರು. "ಅಕ್ಕಿರೊಟ್ಟಿ. ಮನೋಹರಂಗೆ ಕೊಟ್ಬುಡು ಕಣವ್ವ."

"ನಿಮ್ಮನ್ನ ಬಿಟ್ಟು ಹೋದವರಿಗಾ?"

"ಹೂಂ, ಬುಟ್ಟೋದ. ಹಿಂದಿನ ದಿನ ನನ್ನ ಕಾಯ್ದು ತಡ ಆಗಿ ಕಾರ್ಖಾನೇಲಿ ಬೈಸ್ಕಂಡಿದ್ನಂತೆ. ಅವತ್ತೇ ಸಂಜೆ ಮನೆಗೆ ಬಂದ್ಬುಟ್ಟ. ಕಾಣ್ಲಿಲ್ಲ ಅಂದಿದ್ರೆ ನಂಬ್ತಿದ್ದೆ ಕಣವ್ವ! ಕಂಡೂ ನಿಲ್ಲಿಸ್ಲಿಲ್ಲ, ಸಿಟ್ಟಿತ್ತು, ತಪ್ಪಾಯ್ತು ಅಂದ. ಓಡಿದ್ದು ನಾನು. ನಾನೇ ಬುಟ್ಬುಟ್ಟಿದ್ದೀನಿ. ನೀನ್ಯಾಕೆ ಹಿಡ್ಕಂಡಿದ್ದೀಯ?"

ಧರಣಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಳು.

ಅದೇ ಬೆಳಗು, ಅದೇ ತಪ್ಪು, ಅವನಾಡಿದ ಅದೇ ಒಂದು ಮಾತು. ಏನೂ ಬದಲಾಗಿರಲಿಲ್ಲ... ಆದರೂ ಎಲ್ಲವೂ ಬೇರೆಯಾಗಿತ್ತು! ಒಂದು ಸಣ್ಣ ಸುಳ್ಳಿನಿಂದ ಪಾರಾಗಬಹುದಾಗಿದ್ದವನು ಬಸ್ಸಿನವರೆಲ್ಲರ ಎದುರು ನಿಜ ಹೇಳಿದ್ದ. ಅಷ್ಟು ದೊಡ್ಡದನ್ನು ಅಷ್ಟು ಹತ್ತಿರದಿಂದ ನೋಡಿಯೂ ಅವಳಿಗೆ ಕಂಡಿರಲಿಲ್ಲ.

ಸಂಜೆ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅವಳು ಮುಂದೆ ಬಂದು ಡಬ್ಬಿ ಕೊಟ್ಟಳು.

"ಬಸವಮ್ಮನ ಮನೆಗೆ ಹೋಗಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ?"

ಮನೋಹರ್ ತಲೆ ತಗ್ಗಿಸಿ ಡಬ್ಬಿಯನ್ನು ಸೀಟಿನ ಪಕ್ಕ ಇಟ್ಟ. "ತಪ್ಪು ಮಾಡಿದ್ದು ಅವರಿಗೆ. ಕ್ಷಮೆ ಕೇಳ್ದೆ ಅಂತ ಊರಿಗೆಲ್ಲ ಹೇಳ್ಕೊಂಡು ಒಳ್ಳೆಯವನು ಅನ್ನಿಸ್ಕೊಳ್ಳೋದಾ? ನಾಚಿಕೆ ಆಯ್ತು."

"ನಾನು ಊರಾ?"

ಅವನು ತಲೆಯೆತ್ತಿದ. ಮೊದಲ ಸಲ ನೇರವಾಗಿ ನೋಡಿದ. "ಅಲ್ಲ. ಅದಕ್ಕೇ ಇನ್ನೂ ಕಷ್ಟ ಆಯ್ತು."

ಅವಳ ಕಣ್ಣು ತುಂಬಿತು. "ನಮ್ಮನೆಗೆ ಬನ್ನಿ... ಬೇಡ ಅಂದವಳು ನಾನೇ ಕರೀತಿದ್ದೀನಿ."

"ನಿಮ್ಮಮ್ಮ ಬೈಯಲ್ವಾ?"

"ಬೈತಾರೆ. ನನಗೆ!"

ಅವನು ನಕ್ಕ. "ಭಾನುವಾರ ಬರ್ಲಾ?"

"ಇವತ್ತು ಮಂಗಳವಾರ ರೀ... ಅಷ್ಟು ದಿನ ಕಾಯಕ್ಕಾಗಲ್ಲ."