ಕತ್ತಾಳೆ ನಾರಿನ ತೊಟ್ಟಿಲ ಹಗ್ಗ

ಧೊಪ್ಪನೆ ಅಕ್ಕಿ ಚೀಲ ನೆಲಕ್ಕೆ ಬಿತ್ತು.

“ಶಾಬಾಸ್, ಇಂಜಿನಿಯರ್ ಮೇಡಮ್!” ಅಣ್ಣ ಇಲಿಯಾಸ ಚಪ್ಪಾಳೆ ತಟ್ಟಿದ. “ತಮ್ಮನ್ನ ಮಲಗಿಸಿದ್ರ ಏನಾಕ್ಕಿತ್ತು?”

ಕೈನಾತ ತೊಲೆಯಿಂದ ಜೋತಾಡುತ್ತಿದ್ದ ಹಗ್ಗವನ್ನೇ ನೋಡುತ್ತ ನಿಂತಳು. ನಾಳೆಯಿಂದ ಅಮ್ಮಿ ಮತ್ತೆ ಕುಂಡಯಿಯ ಫ್ಯಾಕ್ಟರಿಗೆ ಹೋಗಬೇಕು. ಅಷ್ಟರೊಳಗೆ ಪುಟ್ಟ ತಮ್ಮನಿಗೆ ಸೀರೆಯ ತೊಟ್ಟಿಲು ಸಿದ್ಧವಾಗಬೇಕು. ಅದಕ್ಕೆಂದೇ ಅಪ್ಪನ ತಾಯಿ, ದಾದಿ ಅಮೀರಬಿ, ಫ್ಯಾಕ್ಟರಿಯ ಕಂಪೌಂಡಿನಾಚೆ ತಾನಾಗಿ ಬೆಳೆದ ಕತ್ತಾಳೆ ಎಲೆಗಳನ್ನು ತಂದು, ಜಜ್ಜಿ, ಕೆರೆದು, ನಾರು ಒಣಗಿಸಿದ್ದಳು. ಅರ್ಧ ಹಗ್ಗವನ್ನು ಹೊಸೆಯುವಷ್ಟರಲ್ಲಿ ಅವಳ ಮೊಣಕೈ ನೋಯತೊಡಗಿತು. ಉಳಿದರ್ಧವನ್ನು ಕೈನಾತ ದಾದಿಯ ಎದುರಿಗೆ ಕುಳಿತು, ನೋಡಿ ನೋಡಿ ಹೊಸೆದು ಮುಗಿಸಿದ್ದಳು.

ಹಗ್ಗ ಕಡಿದಿದ್ದರೆ ಅರ್ಥವಾಗುತ್ತಿತ್ತು. ಆದರೆ ಒಂದು ನಾರೂ ಕಡಿದಿರಲಿಲ್ಲ. ಪರೀಕ್ಷೆಗೆಂದು ತೂಗುಹಾಕಿದ ಅಕ್ಕಿ ಚೀಲದ ಭಾರ ಬಿದ್ದೊಡನೆ ಎರಡು ಅರ್ಧಗಳು ಕೂಡಿದ ಕಡೆ ಹಗ್ಗ ಗಿರ್ರನೆ ತಿರುಗಿ ಬಿಚ್ಚಿಕೊಂಡಿತ್ತು. ಅವಳದ್ದಷ್ಟೇ ಅಲ್ಲ, ದಾದಿಯದ್ದೂ!

“ನಂದೂ ಯಾಕ ಬಿಚ್ಚೇತಿ?” ದಾದಿ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. “ಈ ಕೈಯಾಗ ಇನ್ನ ಕಸುವಿಲ್ಲ ಬಿಡವಾ. ಇಲಿಯಾಸ, ನೈಲಾನ್ ತೊಗೊಂಡ್ ಬಾ.”

“ನೈಲಾನ್ ಗಂಟು ಜಾರತೈತಿ ಅಂತ ನೀನ ಹೇಳಿದ್ದಿ,” ಎಂದಳು ಕೈನಾತ.

“ಹೇಳಿದ್ದೆ. ಈಗ ಬ್ಯಾರೆ ಏನ್ ಮಾಡೂದು?”

ದಾದಿಯ ದನಿ ಇಷ್ಟು ಸಣ್ಣಗಾದದ್ದನ್ನು ಕೈನಾತ ಎಂದೂ ಕೇಳಿರಲಿಲ್ಲ.

“ಇನ್ನೊಮ್ಮೆ ಹೊಸೆದು ತೋರಸು ದಾದಿ. ಒಂದಽ ಸಲ. ಪ್ಲೀಸ್!”

ದಾದಿ ತೊಡೆಯ ಮೇಲೆ ನಾರನ್ನಿಟ್ಟು ಅಂಗೈಯಿಂದ ಉಜ್ಜಿದಳು. ಅವಳ ಕೈ ಎದುರಿಗಿದ್ದ ಕೈನಾತಳ ಕಡೆಗೆ ಬಂತು. ಕೈನಾತಳೂ ತನ್ನ ತೊಡೆಯ ಮೇಲೆ ನಾರು ಉಜ್ಜುತ್ತ ಕೈಯನ್ನು ತನ್ನ ಕಡೆಗೇ ಎಳೆದುಕೊಂಡಳು. ಎರಡು ಕೈಗಳೂ ಕೈನಾತಳ ಬೆನ್ನ ಹಿಂದಿನ ಬಾಗಿಲ ಕಡೆಗೇ ಸಾಗಿದವು. ಎಲ್ಲ ಸರಿಯಾಗಿಯೇ ಇದೆಯಲ್ಲ! ಹಾಗಾದರೆ ತಪ್ಪಿದ್ದೆಲ್ಲಿ?

“ಬಾಗಿಲದಾಗ ಕುಂತೀಯಲ್ಲ, ಬೆಳಕ ಬರವಲ್ದು. ನನ್ನ ಬಾಜೂಕ ಬಾ,” ಎಂದಳು ದಾದಿ.

ಕೈನಾತ ದಾದಿಯ ಪಕ್ಕದಲ್ಲಿ ಗೋಡೆಗೊರಗಿ ಕುಳಿತಳು. ಇಬ್ಬರೂ ಮತ್ತೆ ಉಜ್ಜಿದರು. ದಾದಿಯ ಕೈ ಮೊಣಕಾಲಿನತ್ತ ಹೋಯಿತು. ಕೈನಾತಳ ಕೈ ತನ್ನ ಹೊಟ್ಟೆಯತ್ತ ಬಂತು. ಅಕ್ಕಪಕ್ಕದ ಎರಡು ಕೈಗಳು ಒಂದನ್ನೊಂದು ದಾಟಿಹೋದವು.

ಕೈನಾತ ಉಜ್ಜುವುದನ್ನು ನಿಲ್ಲಿಸಿ, ತನ್ನ ಅಂಗೈಯನ್ನೊಮ್ಮೆ, ದಾದಿಯದನ್ನೊಮ್ಮೆ ನೋಡಿದಳು.

“ನೈಲಾನ್ ತರ್ಲೋ ಬ್ಯಾಡೋ?” ಇಲಿಯಾಸ ಚಪ್ಪಲಿ ಮೆಟ್ಟುತ್ತ ಕೇಳಿದ.

“ಬ್ಯಾಡ, ತಡಿ. ದಾದಿ, ನಿನ್ನ ಕೈಯಾಗ ಕಸುವು ಐತಿ. ನಾನಽ ಉಲ್ಟಾ ಹೊಸೆದೀನಿ, ಅದಕ್ಕ ನಿಂದೂ ಬಿಚ್ಚೇತಿ.”

“ಏನಂದಿ?”

ಕೈನಾತ ಹಗ್ಗವನ್ನು ಮಡಿಲಿಗೆಳೆದುಕೊಂಡು, ತಾನು ಹೊಸೆದ ಅರ್ಧವನ್ನು ಎಳೆ ಎಳೆಯಾಗಿ ಬಿಚ್ಚತೊಡಗಿದಳು.