ಅರವತ್ತೆರಡು ದಿನಗಳ ರಜೆ

ರಜೆ ವಿಭಾಗದ ಗುಮಾಸ್ತರ ತಲೆ ಒಡೆದಿತ್ತು ಎಂದರೆ ಕಡಿಮೆ ಹೇಳಿದಂತೆ. ಬಲಗಿವಿಯ ಮೇಲೆ ಬುರುಡೆ ಒಳಕ್ಕೆ ಕುಸಿದಿತ್ತು, ದವಡೆ ಒಂದು ಕಡೆಗೆ ತಿರುಗಿಹೋಗಿತ್ತು. ಕಡತಗಳ ಕೋಣೆಯ ಗೋಡೆಯ ಮೇಲೆ ಆಳೆತ್ತರಕ್ಕೆ ರಕ್ತ ಚಿಮ್ಮಿತ್ತು. ದಪ್ಪ ಕಡತಗಳಿಗೆ ತೂತು ಹೊಡೆಯುವ ಕಬ್ಬಿಣದ ಪಂಚಿಂಗ್ ಯಂತ್ರ ಪಕ್ಕದಲ್ಲೇ ಬಿದ್ದಿತ್ತು. ಐದು ಕಿಲೋ ತೂಕದ ಆ ಯಂತ್ರದ ತಳಕ್ಕೆ ಕೂದಲು ಅಂಟಿತ್ತು. ಹೆಣದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿರುಚುತ್ತಿದ್ದವಳು ನನ್ನ ತಂಗಿ.

ಅವಳು ಅದೇ ಕಚೇರಿಯ ಟೈಪಿಸ್ಟ್, ಎಂಟು ತಿಂಗಳ ಬಸುರಿ. ನಾನು ಅಲ್ಲಿ ಇಪ್ಪತ್ತೆರಡು ವರ್ಷದಿಂದ ಅಟೆಂಡರ್. ನಮ್ಮದು ತೂಕ ಮತ್ತು ಅಳತೆಯ ಇಲಾಖೆ. ಸತ್ತ ಗುಮಾಸ್ತರಿಗೆ ನಾವು ಇಟ್ಟ ಅಡ್ಡಹೆಸರು 'ಕತ್ತರಿ'. ಅವರ ಕೈಯಲ್ಲಿ ರಜೆ ಕತ್ತರಿಸಿಕೊಳ್ಳದವರು ಆ ಕಟ್ಟಡದಲ್ಲಿ ಒಬ್ಬರೂ ಇರಲಿಲ್ಲ. ಆ ಬೆಳಿಗ್ಗೆ ನನ್ನ ತಂಗಿಯ ಹೆರಿಗೆ ರಜೆಯ ಅರ್ಜಿಯನ್ನೂ ಅವರು ಪಕ್ಕಕ್ಕಿಟ್ಟಿದ್ದರು. ಆ ರಜೆಗೆ ಬೇಕಾದ ಎರಡು ವರ್ಷದ ಸೇವೆ ತುಂಬಲು ಅವಳಿಗೆ ನಲವತ್ತು ದಿನ ಕಡಿಮೆಯಿತ್ತು. "ನಿಮ್ಮ ತಲೆ ಒಡೀಬೇಕು ಕಣ್ರೀ!" ಎಂದು ಅವಳು ಕೂಗಿದ್ದನ್ನು ಇಡೀ ಮಹಡಿ ಕೇಳಿಸಿಕೊಂಡಿತ್ತು.

ಈಗ ಅದೇ ಮಹಡಿ ಬಾಗಿಲಲ್ಲಿ ಮುಗಿಬಿದ್ದಿತ್ತು. "ಹೇಳಿದ ಹಾಗೇ ಮಾಡಿಬಿಟ್ಟಳಲ್ಲ ರಾಕ್ಷಸಿ!" ಎಂದು ಯಾರೋ ಅವಳ ಜುಟ್ಟು ಹಿಡಿದು ಎಳೆದರು. ಗೇಟಿನ ಕಾವಲುಗಾರ ಕೆನ್ನೆಗೆ ಎರಡು ಬಾರಿಸಿದ. ಅಡ್ಡ ಹೋದ ನನ್ನ ತುಟಿ ಒಡೆಯಿತು. ಬಾಯಿ ತುಂಬ ಉಪ್ಪುಪ್ಪು ರಕ್ತ.

"ಕೈ ತೆಗೀರಿ! ಅವಳ ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ ನಿಮ್ಮಲ್ಲಿ ಒಬ್ಬೊಬ್ಬರ ಹೆಸರೂ ಬರೆಸ್ತೀನಿ!"

ಆ ದನಿಗೆ ಎಲ್ಲರೂ ಹಿಂದೆ ಸರಿದರು. ಅದು ನಮ್ಮ ಸಿಸ್ಟರಮ್ಮನದು. ನೌಕರರಿಗಾಗಿ ಕೆಳಮಹಡಿಯಲ್ಲಿ ಒಂದು ಚಿಕಿತ್ಸಾಲಯವಿತ್ತು, ಅದರ ನರ್ಸು ಅವರು. ಯಾರ ಕೆಮ್ಮು ನಿಜ, ಯಾರದು ರಜೆಗಾಗಿ ಎನ್ನುವುದು ಕಣ್ಣಲ್ಲೇ ಅವರಿಗೆ ಗೊತ್ತಾಗುತ್ತಿತ್ತು. ಹಿಂದೆ ಕ್ಯಾಂಟೀನಿನ ವಿಷದ ಪ್ರಕರಣ ಬಿಡಿಸಿದ್ದು ಅವರೇ. ಆಗಲೂ ನಾನು ಅವರ ಹಿಂದೆಯೇ ಚೀಲ ಹಿಡಿದು ಓಡಾಡಿದ್ದೆ.

ಹತ್ತು ನಿಮಿಷದಲ್ಲಿ ಇನ್‌ಸ್ಪೆಕ್ಟರ್ ಬಂದರು. ಗೇಟಿಗೆ ಬೀಗ ಬಿತ್ತು, ಯಾರೂ ಹೊರಗೆ ಹೋಗುವ ಹಾಗಿಲ್ಲ. ಕೊಲೆಯಾದದ್ದು ಒಂದೂವರೆಯಿಂದ ಎರಡರ ನಡುವೆ ಎಂದು ಅವರ ಲೆಕ್ಕ. ಊಟದ ಬಿಡುವು ಒಂದೂವರೆಗೆ ಮುಗಿಯುತ್ತಿತ್ತು. ತಾವು ಅಷ್ಟು ಹೊತ್ತೂ ಸೀಟಿನಲ್ಲೇ ಇದ್ದೆವು ಎಂದು ಎಲ್ಲರೂ ಹೇಳಿಕೆ ಕೊಟ್ಟರು. ಒಬ್ಬರಿಗೆ ಇನ್ನೊಬ್ಬರು ಸಾಕ್ಷಿ. ಕಡತಗಳ ಕೋಣೆಗೆ ಹೋದವಳು ನನ್ನ ತಂಗಿ ಒಬ್ಬಳೇ.

"ಇನ್ನೊಂದು ಸಲ ಕೇಳಿಕೊಳ್ಳೋಣ ಅಂತ ಹೋದೆ. ಆಗಲೇ ಬಿದ್ದಿದ್ರು ಸರ್. ಉಸಿರಿದೆ ಅನ್ನಿಸಿ ತಲೆ ಎತ್ತಿದೆ" ಎಂದು ಅವಳು ಅತ್ತಳು. ಇನ್‌ಸ್ಪೆಕ್ಟರ್ ಅವಳ ಕೈಗೆ ಬೇಡಿ ಹಾಕಿದರು.

ಮಧ್ಯಾಹ್ನದಿಂದ ಕರೆಂಟು ಇರಲಿಲ್ಲ. ಫ್ಯಾನು ನಿಂತು ಜನ ಅಂಗಿಯ ಗುಂಡಿ ಬಿಚ್ಚಿ ಕಾಗದದಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದರು. ನಾನು ಹೂಜಿ ಹಿಡಿದು ಎಲ್ಲರಿಗೂ ನೀರು ಕೊಡುತ್ತಾ ಬಂದೆ. ಬಾಗಿಲ ಹತ್ತಿರ ನಮ್ಮ ಕಚೇರಿಯ ಸೂಪರಿಂಟೆಂಡೆಂಟರು ಕತ್ತಿನವರೆಗೂ ಕೋಟಿನ ಗುಂಡಿ ಹಾಕಿ ನಿಂತಿದ್ದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಮೂರು ಲೋಟ ಗಟಗಟ ಕುಡಿದು, "ಇನ್ನೊಂದು ಹಾಕಪ್ಪ" ಎಂದರು. ಪಾಪ ಅನ್ನಿಸಿತು. ಅವರ ಎರಡೂ ಮೂತ್ರಪಿಂಡ ಹಾಳಾಗಿದ್ದವು. ವಾರಕ್ಕೆರಡು ದಿನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಹಾಕಿ ರಕ್ತ ಶುದ್ಧ ಮಾಡಿಸಿಕೊಳ್ಳುತ್ತಿದ್ದರು. ನಮ್ಮ ಕಚೇರಿಯಲ್ಲಿದ್ದ ಒಂದೇ ಒಳ್ಳೆಯ ರೂಢಿಯೆಂದರೆ, ಯಾರಿಗಾದರೂ ದೊಡ್ಡ ಕಾಯಿಲೆಯಾದರೆ ಉಳಿದವರು ತಮ್ಮ ಗಳಿಕೆ ರಜೆಯನ್ನು ದಾನ ಕೊಡುತ್ತಿದ್ದರು. ಅವರಿಗೆ ಹಾಗೆ ಸೇರಿದ್ದು ಅರವತ್ತೆರಡು ದಿನ. ಅದರಲ್ಲಿ ನನ್ನವು ಮೂರು.

ಸಿಸ್ಟರಮ್ಮ ನನ್ನ ತೋಳು ಹಿಡಿದು ಮೂಲೆಗೆ ಎಳೆದರು. "ತಮ್ಮಾ, ಎಲ್ಲರೂ ಸೀಟಲ್ಲೇ ಇದ್ದರಂತೆ. ನಿನ್ನ ಇಪ್ಪತ್ತೆರಡು ವರ್ಷದಲ್ಲಿ ಅಂಥ ದಿನ ಒಂದಾದ್ರೂ ನೋಡಿದ್ದೀಯಾ?"

ನನಗೆ ನಗು ಬರಬೇಕಿತ್ತು, ಅಳು ಬಂತು. "ಒಂದೂ ಇಲ್ಲ ಸಿಸ್ಟರಮ್ಮ."

"ಹಾಗಾದ್ರೆ ಅಳಬೇಡ. ಹೋಗಿ ಎಲ್ಲರನ್ನೂ ಸಭೆ ಕೋಣೆಗೆ ಕರಿ. ನೀನು ಬಾಗಿಲ ಹತ್ರ ನಿಂತುಕೋ."

ಉದ್ದ ಮೇಜಿನ ಸುತ್ತ ಹದಿನಾಲ್ಕು ಜನ ಕೂತರು. ತಂಗಿ ಬೇಡಿ ತೊಟ್ಟು ಕಿಟಕಿಯ ಪಕ್ಕದಲ್ಲಿದ್ದಳು. ಇನ್‌ಸ್ಪೆಕ್ಟರ್ ಗಡಿಯಾರ ನೋಡಿಕೊಂಡು, "ಕಾಲು ಗಂಟೆ ಸಿಸ್ಟರ್. ಆಮೇಲೆ ಇವಳು ಠಾಣೆಗೆ" ಎಂದರು.

"ಸಾಕು" ಎಂದರು ಸಿಸ್ಟರಮ್ಮ. "ಮೊದಲು ಇವಳ ಬಟ್ಟೆ ನೋಡಿ. ತೊಡೆ ಮೇಲೆ, ಮೊಣಕಾಲಿನ ಹತ್ರ, ಅಂಗೈಯಲ್ಲಿ ರಕ್ತ. ಎದೆ ಮೇಲೆ? ಮುಖದ ಮೇಲೆ? ಒಂದು ಹನಿ ಇಲ್ಲ. ಗೋಡೆ ಮೇಲೆ ಆಳೆತ್ತರಕ್ಕೆ ಚಿಮ್ಮಿದ್ದು ಹೊಡೆದವರನ್ನು ಮಾತ್ರ ಬಿಟ್ಟುಬಿಡುತ್ತಾ?"

"ತೊಳೆದುಕೊಂಡಿರಬಹುದು."

"ಮುಖ ತೊಳೆದು, ಕೈ ಹಾಗೇ ಬಿಟ್ಟಳಾ?"

ಇನ್‌ಸ್ಪೆಕ್ಟರ್ ಅವಳ ಅಂಗೈ ತಿರುವಿ ನೋಡಿದರು. ಸಿಸ್ಟರಮ್ಮ ಕನ್ನಡಕದ ಗುಮಾಸ್ತೆಯ ಕಡೆಗೆ ತಿರುಗಿದರು. ಆಕೆ ಸೂಪರಿಂಟೆಂಡೆಂಟರ ವಿಭಾಗದವರು.

"ನಿಮ್ಮ ಸಾಹೇಬರು ಒಂದೂವರೆಯಿಂದ ಎರಡರವರೆಗೆ ಸೀಟಲ್ಲಿದ್ರು ಅಂತ ಬರೆಸಿದ್ದೀರಿ. ಅವರ ಮುಖ ನೋಡಿದ್ರಾ, ಕೋಟು ನೋಡಿದ್ರಾ?"

ಆಕೆ ತಡವರಿಸಿದರು. "ಕುರ್ಚಿ ಮೇಲೆ ಕೋಟಿತ್ತು ಸಿಸ್ಟರ್. ಕೋಟಿದ್ರೆ ಇದ್ದಾರೆ ಅಂತಲೇ ಅಲ್ವಾ ಲೆಕ್ಕ?"

"ಎಷ್ಟು ಹೊತ್ತಿಗೆ ನೋಡಿದ್ರಿ?"

"ಒಂದು ಗಂಟೆಗೆ. ಊಟಕ್ಕೆ ಇಳಿಯೋವಾಗ."

"ಮತ್ತೆ ಮೇಲೆ ಹತ್ತಿದ್ದು?"

ಆಕೆಯ ದನಿ ಇಳಿಯಿತು. "ಕಿರುಚಿದ್ದು ಕೇಳಿದ ಮೇಲೆ. ನಾವ್ಯಾರೂ ಮೇಲಿರಲಿಲ್ಲ. ಕೆಳಗೆ ಮಾತಾಡ್ತಾ ಕೂತಿದ್ವಿ. ತಡವಾಗಿ ಬಂದೆವು ಅಂತ ಬರೆಸಿದ್ರೆ ಅರ್ಧ ದಿನದ ರಜೆ ಹೋಗುತ್ತೆ ಅಂತ..."

ಇನ್‌ಸ್ಪೆಕ್ಟರ್ ಮೇಜು ಗುದ್ದಿದರು. "ಅರ್ಧ ದಿನದ ರಜೆಗೆ ಒಬ್ಬ ಬಸುರಿಯನ್ನ ಗಲ್ಲಿಗೆ ಕಳಿಸ್ತಿದ್ರಾ?"

ಮೇಲಧಿಕಾರಿಗಳು ಬಂದು ಯಾರನ್ನಾದರೂ ಕೇಳಿದರೆ 'ಈಗ ತಾನೇ ಇಲ್ಲೇ ಇದ್ರು' ಎಂದು ನಾನೂ ನೂರು ಸಲ ಹೇಳಿದ್ದೆ. ಅದು ಸುಳ್ಳು ಎಂದು ನಮಗ್ಯಾರಿಗೂ ಯಾವತ್ತೂ ಅನ್ನಿಸಿರಲಿಲ್ಲ.

"ಅಲ್ಲಿಗೆ, ಆ ಹೊತ್ತಲ್ಲಿ ಮಹಡಿ ಮೇಲೆ ಕೋಟುಗಳಿದ್ದವು, ಮನುಷ್ಯರಿರಲಿಲ್ಲ" ಎಂದರು ಸಿಸ್ಟರಮ್ಮ. "ಇನ್ನು ನೀರಿನ ವಿಷಯ. ಮೂತ್ರಪಿಂಡ ಕೆಟ್ಟು ಯಂತ್ರದ ಮೇಲಿರೋರಿಗೆ ನೀರು ಅಳತೆ ಮೇಲೆ. ಇಡೀ ದಿನಕ್ಕೆ ಮೂರ್ನಾಲ್ಕು ಲೋಟ ದಾಟಿದ್ರೆ ಕಾಲು ಊದುತ್ತೆ, ಉಸಿರು ಕಟ್ಟುತ್ತೆ. ಅಂಥವರು ನೀರು ಕಂಡ್ರೆ ಹೆದರ್ತಾರೆ. ಸೂಪರಿಂಟೆಂಡೆಂಟ್ರೇ, ನೀವು ನಿಂತ ಕಾಲಲ್ಲಿ ನಾಲ್ಕು ಕುಡಿದ್ರಿ."

ಸೂಪರಿಂಟೆಂಡೆಂಟರು ನಗಲು ನೋಡಿದರು. "ಗಾಬರಿ ಸಿಸ್ಟರ್. ಹೆಣ ನೋಡಿದ ಗಾಬರಿ."

"ಇರಬಹುದು. ಆರು ತಿಂಗಳಿಂದ ನಿಮ್ಮ ತೋಳು ತೋರಿಸಿ ಅಂತ ಕೇಳ್ತಿದ್ದೀನಿ, ಒಂದು ದಿನವೂ ತೋರಿಸಲಿಲ್ಲ. ವಾರಕ್ಕೆರಡು ಸಲ ಸೂಜಿ ಚುಚ್ಚಿಸಿಕೊಳ್ಳೋ ತೋಳಲ್ಲಿ ಗುರುತು ಇದ್ದೇ ಇರುತ್ತೆ. ಈ ಸೆಕೆಯಲ್ಲಿ ಎಲ್ಲರೂ ಗುಂಡಿ ಬಿಚ್ಚಿದ್ರೆ ನೀವೊಬ್ಬರು ಕತ್ತಿನವರೆಗೂ ಹಾಕಿದ್ದೀರಿ. ಕೋಟು ಶುದ್ಧವಾಗಿದೆ. ಇರಲೇಬೇಕು, ಹೊಡೆಯೋವಾಗ ಅದು ಕುರ್ಚಿ ಮೇಲಿತ್ತಲ್ಲ. ಮುಖ ಕೈ ತೊಳೆದು ಆಮೇಲೆ ಹಾಕಿಕೊಂಡ್ರಿ. ಕೋಟು ಬಿಚ್ಚಿ."

ಅವರು ಎದ್ದರು. ಒಂದು ಕ್ಷಣ ಬಿಚ್ಚುವವರಂತೆ ಗುಂಡಿಗೆ ಕೈ ಹಾಕಿದರು. ಮರುಕ್ಷಣ ಕುರ್ಚಿ ಎತ್ತಿ ಸಿಸ್ಟರಮ್ಮನ ತಲೆಗೆ ಬೀಸಿದರು. ನಾನು ನಡುವೆ ಹಾರಿದೆ. ಏಟು ನನ್ನ ಎಡಗೈ ಮೇಲೆ ಬಿತ್ತು, ಮೂಳೆ ಲಟಕ್ಕೆಂದದ್ದು ನನಗೇ ಕೇಳಿಸಿತು. ಅವರು ನನ್ನನ್ನು ತುಳಿದುಕೊಂಡು ಬಾಗಿಲಿಗೆ ನುಗ್ಗಿದರು. ಹೊರಗೆ ಕಾವಲಿದ್ದ ಪೇದೆಯ ಲಾಠಿ ಅವರ ಮೊಣಕಾಲಿಗೆ ಬಿತ್ತು, ಇನ್‌ಸ್ಪೆಕ್ಟರ್ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದರು. ಹಲ್ಲೊಂದು ಮೇಜಿನ ಕೆಳಗೆ ಉರುಳಿತು. ಇಬ್ಬರು ಸೇರಿ ಕೋಟು ಕಿತ್ತರು. ಒಳಗಿನ ಬಿಳಿ ಅಂಗಿ ಎದೆಯಿಂದ ತೋಳಿನವರೆಗೆ ಕೆಂಪು ಚುಕ್ಕೆಗಳಿಂದ ತುಂಬಿ, ಬೆವರಿಗೆ ಕರಗಿ ಗುಲಾಬಿಯಾಗಿತ್ತು. ತೋಳು ಮಡಿಸಿ ನೋಡಿದರೆ ಎರಡೂ ಮೊಳಕೈಗಳ ಒಳಮೈಯಲ್ಲಿ ಒಂದು ಸೂಜಿಯ ಗುರುತೂ ಇರಲಿಲ್ಲ.

"ಮರದ ಮಿಲ್ಲು ಇಟ್ಟಿದ್ದೀನಿ" ಎಂದರು, ಬಾಯಿಯ ರಕ್ತ ಉಗುಳುತ್ತಾ. "ವಾರಕ್ಕೆರಡು ದಿನ ಅಲ್ಲಿ ನಿಲ್ಲಬೇಕಿತ್ತು. ಕತ್ತರಿ ಆಸ್ಪತ್ರೆಗೇ ಹೋಗಿ ವಿಚಾರಿಸಿಕೊಂಡು ಬಂದ. ಇವತ್ತೇ ಬರೆದು ಕೊಡ್ತೀನಿ ಅಂದ. ಕಾಲು ಹಿಡಿದೆ, ಕೇಳಲಿಲ್ಲ. ಕೆಲಸ ಹೋಗ್ತಿತ್ತು, ಪಿಂಚಣಿ ಹೋಗ್ತಿತ್ತು, ನಾನೇನು ಮಾಡಲಿ?"

ಅಂಗಿಯ ಜೇಬಿನಲ್ಲಿ ಮಡಿಸಿದ ಕಾಗದವಿತ್ತು. ಗೇಟು ಮುಚ್ಚಿದ್ದರಿಂದ ಅದನ್ನು ಎಸೆಯಲು ಅವರಿಗೆ ಜಾಗವೇ ಸಿಕ್ಕಿರಲಿಲ್ಲ. ಇನ್‌ಸ್ಪೆಕ್ಟರ್ ಓದಿ, ನನ್ನ ತಂಗಿಯ ಬೇಡಿ ಬಿಚ್ಚಿ ಕಾಗದವನ್ನು ಅವಳ ಮುಂದೆ ಹಿಡಿದರು. ಕತ್ತರಿಯವರ ದುಂಡು ಅಕ್ಷರ. ಅಂಚಿಗೆ ಹತ್ತಿದ ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಸೂಪರಿಂಟೆಂಡೆಂಟರಿಗೆ ಕಾಯಿಲೆ ಇಲ್ಲವೆಂದು ಆಸ್ಪತ್ರೆಯಲ್ಲಿ ಖಚಿತಪಡಿಸಿಕೊಂಡಿದ್ದೇನೆ. ಅವರಿಗೆ ದಾನವಾಗಿ ಬಂದ ಅರವತ್ತೆರಡು ದಿನಗಳನ್ನು ಹಿಂಪಡೆದು ಟೈಪಿಸ್ಟ್ ಅವರ ಹೆರಿಗೆಗೆ ಕೊಡಲು ಕೋರುತ್ತೇನೆ. ನಿಯಮದಲ್ಲಿ ಆಕೆಗೆ ರಜೆ ಇಲ್ಲ. ಆದರೆ ಆಕೆ ಇನ್ನು ಮಹಡಿ ಹತ್ತಬಾರದು. ಆದೇಶ ಆಗುವವರೆಗೆ ಆಕೆಗೆ ಆಸೆ ತೋರಿಸುವುದು ಸರಿಯಲ್ಲವೆಂದು ತಿಳಿಸಿಲ್ಲ."

ಅವಳು ಎರಡು ಸಲ ಓದಿದಳು. ಮೂರನೆಯ ಸಲ ಓದಲು ಆಗಲಿಲ್ಲ.

ಸಿಸ್ಟರಮ್ಮ ಮರದ ಅಳತೆಪಟ್ಟಿ ಇಟ್ಟು ನನ್ನ ಕೈ ಕಟ್ಟಿದರು. ಬ್ಯಾಂಡೇಜು ಬಿಗಿಯುತ್ತಾ, "ನನ್ನ ತಲೆ ಉಳಿಸಿದ್ದೀಯ, ಆರು ವಾರ ಯಾವ ಹೂಜೀನೂ ಎತ್ತಬೇಡ" ಎಂದು ಬೈದರು. ತಂಗಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿ, "ಒದೀತಿದೆ, ಗಟ್ಟಿ ಪಿಂಡ" ಎಂದರು.

ಕನ್ನಡಕದ ಗುಮಾಸ್ತೆ ಬಾಗಿಲವರೆಗೆ ಬಂದು, "ಮನೆ ತನಕ ನನ್ನ ಕಾರಲ್ಲಿ ಬಿಡ್ತೀನಿ ಕಣೇ" ಎಂದು ಮೆಲ್ಲಗೆ ಹೇಳಿದರು.

"ಮನೆಗೆ ಬೇಡ" ಎಂದಳು ತಂಗಿ. ನನ್ನ ಕಡೆ ತಿರುಗಿದಳು. "ಅಣ್ಣಾ, ಅವರ ಹೆಂಡತಿಗೆ ಯಾರಾದ್ರೂ ಹೇಳಿದ್ದಾರಾ?"

ಯಾರೂ ಹೇಳಿರಲಿಲ್ಲ. ಕತ್ತರಿಯವರ ಮನೆ ಎಲ್ಲಿ ಎನ್ನುವುದೇ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಸಿಸ್ಟರಮ್ಮ ಕೆಳಗೆ ಹೋಗಿ ಅವರ ಚಿಕಿತ್ಸೆಯ ಚೀಟಿ ಹುಡುಕಿ ವಿಳಾಸ ತಂದರು. ಸಿಸ್ಟರಮ್ಮ, ತಂಗಿ, ನಾನು, ಮೂವರೂ ಅಲ್ಲಿಗೆ ಹೊರಟೆವು.